ಸಿಲೋನಿಗೆ ಹೋದ ರೊಟ್ಟಿ ಗಂಟು

ಆ ವರ್ಷ ಭತ್ತಕ್ಕೆ ಹುಳ ಬೀಳದೇ ಇದ್ದಿದ್ದರೆ ಸಿಂಧನೂರಿನ ಕರಿಬಸಯ್ಯ ಜನ್ಮದಲ್ಲಿ ಸಮುದ್ರ ನೋಡುತ್ತಿರಲಿಲ್ಲ. ಜವಳಗೇರಾದಿಂದ ಆರ್.ಎಚ್. ಕ್ಯಾಂಪಿನವರೆಗೆ ಹುಳ ಬಿತ್ತು. ಕರಿಬಸಯ್ಯನ ಅಂಗಡಿಯಲ್ಲಿದ್ದ ಎಣ್ಣೆ ಡಬ್ಬಿಗಳೆಲ್ಲ ಖಾಲಿಯಾದವು (ಎಣ್ಣೆ ಅಂದರೆ ಒಗ್ಗರಣೆಯದಲ್ಲ, ಬೆಳೆಗೆ ಹೊಡೆಯುವುದು). ಕಂಪನಿಯವರು ಖುಷಿಯಾಗಿ, "ಗಂಡ ಹೆಂಡ್ತಿ ಇಬ್ರೂ ಒಂದು ವಾರ ಸಿಲೋನಿಗೆ ಹೋಗಿ ಬರ್ರಿ, ಸಮುದ್ರದಂಡೀ ಹೋಟೆಲು, ಖರ್ಚೆಲ್ಲಾ ನಮ್ದು" ಎಂದು ಟಿಕೀಟು ಕೊಟ್ಟರು. ಕರಿಬಸಯ್ಯ ಮನೆದೇವರಿಗೆ ಕಾಯಿ ಒಡೆಸಿ, ಹುಳಗಳಿಗೂ ಮನಸ್ಸಿನಲ್ಲೇ ಒಂದು ಶರಣು ಹೇಳಿದ.

ತೊಂದರೆ ಇದ್ದದ್ದು ಹೊಟ್ಟೆಯದು. ಎರಡು ವರ್ಷದ ಹಿಂದೆ ಹೈದರಾಬಾದಿನ ದೊಡ್ಡ ಡಾಕ್ಟರೊಬ್ಬರು ಅವನ ಕರುಳಿನ ಪೂರ್ವೋತ್ತರವನ್ನೆಲ್ಲ ಶೋಧಿಸಿ, "ಗೋಧಿಯೊಳಗ ಅಂಟಿನಂಥದೊಂದು ಇರ್ತೈತಿ. ಅದು ನಿಮಗ ಆಗಿಬರಂಗಿಲ್ಲ. ಸಾಯೂತನಕ ಗೋಧಿ ಮುಟ್ಟಬ್ಯಾಡ್ರಿ" ಎಂದು ಅಪ್ಪಣೆ ಕೊಟ್ಟಿದ್ದರು. ಅಂದಿನಿಂದ ಚಪಾತಿ ಇಲ್ಲ, ಹೋಳಿಗೆ ಇಲ್ಲ, ಮದುವೆ ಮನೆಯ ಉಪ್ಪಿಟ್ಟೂ ಇಲ್ಲ. ಊರಲ್ಲಿ ಇದೇನು ದೊಡ್ಡ ಕಷ್ಟವಾಗಿರಲಿಲ್ಲ, ಜೋಳದ ರೊಟ್ಟಿ ಇತ್ತಲ್ಲ. ಸಿಲೋನಿನಲ್ಲಿ ಜೋಳ ಎಲ್ಲಿಂದ ಬರಬೇಕು?

ಆ ಚಿಂತೆ ಮಾಡಿದವಳು ಹೆಂಡತಿ ಪಂಪಮ್ಮ. ಎರಡು ದಿನ ಒಲೆ ಮುಂದೆ ಕೂತು ಖಡಕ್ ರೊಟ್ಟಿ ಬಡಿದಳು. ದಿನಕ್ಕೆ ಏಳರಂತೆ ಏಳು ದಿನಕ್ಕೆ ನಲವತ್ತೊಂಬತ್ತು, ದೇವರ ಹೆಸರಿನಲ್ಲಿ ಇನ್ನೊಂದು, ಒಟ್ಟು ಐವತ್ತು. ಬಿಳೀ ಧೋತರದಲ್ಲಿ ಗಂಟು ಕಟ್ಟಿ, ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಯನ್ನು ಮಗ್ಗುಲಿಗೆ ಇಟ್ಟಳು. ಕರಿಬಸಯ್ಯ ಗಂಟು ನೋಡಿ ಹೌಹಾರಿದ.

"ಏನ ಬೇ ಇದು? ಲಿಂಗಸುಗೂರಿನ ಲಾಲಪ್ಪನಂಥಾ ಡೀಲರ್‌ಗೋಳು ಸೂಟಕೇಸ್ ಹಿಡಕೊಂಡು ಬರ್ತಾರ. ನಾ ರೊಟ್ಟಿ ಗಂಟು ಹೊತಗೊಂಡು ವಿಮಾನ ಹತ್ತಲೇನ? ಇಜ್ಜತ್ ಏನಾಗಬೇಕು?"

"ಇಜ್ಜತ್ತಿಗೆ ಹೊಟ್ಟಿ ನೋವು ಬರಂಗಿಲ್ರಿ. ನಿಮಗ ಬರ್ತೈತಿ. ಸುಮ್ಮನ ಹೊರ್ರಿ."

ಹೊತ್ತ. ಹೋಟೆಲು ಮುಟ್ಟಿದ ಕೂಡಲೇ ಗಂಟನ್ನು ಕಪಾಟಿನೊಳಗೆ ತುರುಕಿ ಬೀಗ ಹಾಕಿದ. ಸಂಜೆ ಎಲ್ಲಾ ಡೀಲರುಗಳು ಚಹಾಕ್ಕೆ ಕೂತಾಗ ಕೇಕು ಬಂತು. ಪಂಪಮ್ಮ ಬೇಡ ಎಂಬಂತೆ ಕಣ್ಣು ಬಿಟ್ಟಳು. ಅದೇ ಹೊತ್ತಿಗೆ ಲಾಲಪ್ಪ, "ತಿನ್ರಿ ಅಯ್ಯಾರ, ನಾಚಿಕೋಬ್ಯಾಡ್ರಿ" ಅಂದ. ಬೆರಳಷ್ಟಿರುವ ಕೇಕು ಏನು ಮಾಡೀತು ಎಂದುಕೊಂಡು ಕರಿಬಸಯ್ಯ ಬಾಯಿಗೆ ಹಾಕಿಕೊಂಡ. ಅದು ಮಾಡುವುದನ್ನೆಲ್ಲ ಮಾಡಿತು. ಮರುದಿನ ಪೂರ್ತಿ ಎಲ್ಲರೂ ಸಮುದ್ರ ನೋಡಿದರು, ಕರಿಬಸಯ್ಯ ಪಾಯಖಾನೆಯ ಬಿಳೀ ಗೋಡೆ ನೋಡಿದ. ಪಂಪಮ್ಮ ಉಪ್ಪು ಸಕ್ಕರೆ ನೀರು ಕುಡಿಸುತ್ತ ಬಾಗಿಲ ಹೊರಗೆ ಕೂತಿದ್ದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಇಷ್ಟು ಕೆಟ್ಟದೆನಿಸುತ್ತಿರಲಿಲ್ಲ.

ಮೂರನೇ ದಿನ ಊಟದ ಮನೆ ತಪಾಸು ಮಾಡಿದರೆ ಪಲ್ಯದಲ್ಲಿ ಒಣಮೀನಿನ ಪುಡಿ, ಶ್ಯಾವಿಗೆಯಂಥದರಲ್ಲಿ ಗೋಧಿ ಹಿಟ್ಟು. ಶಿವಭಕ್ತನಾದ ಕರಿಬಸಯ್ಯನ ಪಾಲಿಗೆ ಉಳಿದದ್ದು ಅನ್ನ, ಮೊಸರು, ಬಾಳೆಹಣ್ಣು. ಅನ್ನ ಎಷ್ಟು ತಿಂದರೂ ನಮ್ಮ ಕಡೆಯವರಿಗೆ ಊಟ ಮಾಡಿದ ಹಾಗೆ ಆಗುವುದಿಲ್ಲ, ಅದು ನಿಮಗೂ ಗೊತ್ತು. ಕಪಾಟಿನ ಬೀಗ ತೆಗೆದ. ಗಂಟು ಕಂಡದ್ದೇ ಹೆಂಡತಿಯ ಎರಡೂ ಕೈ ಹಿಡಿದು, "ನೀ ಇರಲಿಲ್ಲಂದ್ರ ನಾ ಇಲ್ಲೇ ಮಣ್ಣಾಗತಿದ್ದೆ ನೋಡು" ಎಂದ. ಅವಳು ಕೈ ಬಿಡಿಸಿಕೊಂಡು, "ಮದ್ಲು ತಿನ್ನ ನಡೀರಿ" ಅಂದಳು.

ತೆಂಗಿನ ಮರದ ನೆರಳಿನಲ್ಲಿ ಧೋತರ ಬಿಚ್ಚಿದರು. ಇಲ್ಲಿ ಒಂದು ರಿವಾಜು ಹೇಳಬೇಕು. ನಮ್ಮ ಕಡೆ ಬುತ್ತಿ ಬಿಚ್ಚಿದವರು ಕಣ್ಣಿಗೆ ಬಿದ್ದವರನ್ನೆಲ್ಲ "ಬರ್ರಿ, ಊಟ ಮಾಡೋಣು" ಎಂದು ಕರೆಯದೆ ತುತ್ತು ಎತ್ತುವುದಿಲ್ಲ. ಕರೆಸಿಕೊಂಡವರು "ಆಗ್ಲಿ, ನಿಮ್ದು ಮುಗೀಲಿ" ಎಂದು ಮುಂದಕ್ಕೆ ಹೋಗಬೇಕು. ಕರೆಯುವುದೂ ಧರ್ಮ, ಕೂರದಿರುವುದೂ ಧರ್ಮ. ಈ ಒಪ್ಪಂದದ ಮೇಲೆಯೇ ಮೂರು ತಾಲ್ಲೂಕಿನ ಬುತ್ತಿಗಳು ಸುರಕ್ಷಿತವಾಗಿವೆ.

ಲಾಲಪ್ಪ ಆ ಕಡೆಯಿಂದ ಬಂದ. "ಬರ್ರಿ ಲಾಲಪ್ಪ, ಊಟ ಮಾಡೋಣು." ಲಾಲಪ್ಪ ರೊಟ್ಟಿ ನೋಡಿದ, ಜೊಲ್ಲು ನುಂಗಿದ, "ಆಗ್ಲಿ ಅಯ್ಯಾರ, ನಿಮ್ದು ಮುಗೀಲಿ" ಎಂದು ನಡೆದ. ಲಿಂಗಸುಗೂರಿನ ಮಾನ ಉಳಿಸಿದ ಮನುಷ್ಯ. ಅವನ ಹಿಂದೆ ಬಿಳಿಯ ಹೆಂಗಸೊಬ್ಬಳು ಕೈಯಲ್ಲೊಂದು ಬಾಳೆಹಣ್ಣು ಹಿಡಿದು ಬರುತ್ತಿದ್ದಳು. ಕರಿಬಸಯ್ಯನ ಬಾಯಿ ಅಭ್ಯಾಸಬಲದಿಂದ ತಾನೇ ಅಂದುಬಿಟ್ಟಿತು: "ಕಮ್ ಮೇಡಂ, ಈಟ್!"

ಆಕೆ ಕೂತುಬಿಟ್ಟಳು.

ರೊಟ್ಟಿ ಮುರಿಯುತ್ತಿದ್ದ ಕರಿಬಸಯ್ಯನ ಕೈ ಗಕ್ಕನೆ ನಿಂತಿತು. ಆಕೆ ರೊಟ್ಟಿ ಮುಟ್ಟಿ, ಮೂಸಿ, ಏನೋ ಕೇಳಿದಳು. ಕರಿಬಸಯ್ಯನ ಇಂಗ್ಲಿಷು ಎಣ್ಣೆ ಡಬ್ಬಿಯ ಮೇಲಿನ ಚೀಟಿ ಓದಿ ಕಲಿತದ್ದು. ಆದರೆ ಆಕೆ "ಬ್ರೆಡ್" ಎಂದು ಎದೆ ಮುಟ್ಟಿಕೊಂಡು "ಪಾಯ್ಸನ್" ಎಂದಾಗ ಅವನಿಗೆ ತಟ್ಟನೆ ತಿಳಿಯಿತು. ಆ ಶಬ್ದ ಪ್ರತಿ ಡಬ್ಬಿಯ ಮೇಲೂ ಇರುತ್ತದೆ! "ನೋ ವೀಟ್! ಜೋಳ! ನೋ ಪಾಯ್ಸನ್!" ಎಂದು ಕೂಗಿದ.

"ಅಯ್ಯ ಯವ್ವಾ, ನಿಮಗೂ ಇವ್ರಂಗನ ಐತೇನ ಬೇ!" ಎಂದು ಪಂಪಮ್ಮ ಕಳೆದುಹೋದ ತಂಗಿ ಸಿಕ್ಕವಳ ಹಾಗೆ ಒಂದರ ಮೇಲೊಂದು ರೊಟ್ಟಿ ಹಾಕಿದಳು. ಹೆಸರು ಹಿಲ್ಡಾ, ಊರು ಡೆನ್ಮಾರ್ಕು. ಹಿಲ್ಡಮ್ಮ ನಾಲ್ಕು ತಿಂದಳು. ಶೇಂಗಾ ಹಿಂಡಿಯ ಖಾರಕ್ಕೆ ಕಣ್ಣೀರು ಸುರಿಯುತ್ತಿತ್ತು, ಆದರೂ ನಗುತ್ತಿದ್ದಳು.

ರೂಮಿಗೆ ಬಂದ ಮೇಲೆ ಕರಿಬಸಯ್ಯ ಸಿಡಿದ. "ಕರದ್ರ ಕುಂತೇ ಬಿಡಾದಾ? ನಾಕು ರೊಟ್ಟಿ! ಸಮುದ್ರದಾಚಿ ಮಂದಿಗೆ ರಿವಾಜು ಗೊತ್ತಿರಂಗಿಲ್ಲ ನೋಡು."

"ಕರದವ್ರು ಯಾರ್ರಿ? ನಾನಾ?"

ಮಾತು ಅಲ್ಲಿಗೇ ನಿಂತಿತು, ಹಿಲ್ಡಮ್ಮ ನಿಲ್ಲಲಿಲ್ಲ. ದಿನಾ ಎರಡು ಹೊತ್ತು ತನ್ನ ತಾಟು ತಾನೇ ಹಿಡಿದುಕೊಂಡು ಬಂದಳು. ಕರಿಬಸಯ್ಯ ಮರ ಬದಲಿಸಿದ, ಹುಡುಕಿಕೊಂಡು ಬಂದಳು. ಗಂಟು ಸೊರಗುತ್ತ ಬಂತು. ಕೊನೆಗೆ ಅವನು ಎಂಟು ರೊಟ್ಟಿಗಳನ್ನು ಸೂಟಕೇಸಿನಲ್ಲಿ ಅಂಗಿಗಳ ನಡುವೆ ಬಚ್ಚಿಟ್ಟ. ಹೊಟ್ಟೆಯ ಭವಿಷ್ಯ ಈಗ ಆ ಎಂಟರ ಮೇಲೆ ನಿಂತಿತ್ತು.

ಆದರೆ ಹಿಲ್ಡಮ್ಮನೂ ಬರಿಗೈಯಲ್ಲಿ ಬಂದವಳಲ್ಲ. "ಈ ಮನುಷ್ಯನಿಗೆ ಗೋಧಿ ಕೊಡಬೇಡಿ, ಮೀನೂ ಬೇಡ" ಎಂದು ಅಲ್ಲಿಯ ಲಿಪಿಯಲ್ಲಿ ಚೀಟಿ ಬರೆಯಿಸಿ ಕರಿಬಸಯ್ಯನ ಜೇಬಿಗೆ ಇಟ್ಟಳು. ಅಡುಗೆಮನೆಗೆ ತಾನೇ ಹೋಗಿ ಅವನಿಗೆ ಬೇರೆ ಪಾತ್ರೆಯಲ್ಲಿ ಬೇಳೆ ಮಾಡಿಸಿದಳು. ಕರಿಬಸಯ್ಯ ಆ ಬೇಳೆ ಉಣ್ಣುವಾಗ ಅಂಗಿಗಳ ನಡುವಿನ ಎಂಟು ರೊಟ್ಟಿ ನೆನಪಾಗಿ ತಾಟಿನಿಂದ ತಲೆ ಎತ್ತಲಿಲ್ಲ.

ಐದನೇ ದಿನ ಹಿಲ್ಡಮ್ಮ ಊರಿಗೆ ಹೊರಟಳು. ವಿಮಾನದಲ್ಲಿ ಕೊಡುವುದೆಲ್ಲ ಬ್ರೆಡ್ಡೇ ಎಂದು ಬಾಳೆಹಣ್ಣಿನ ಗೊನೆಯೊಂದನ್ನು ಚೀಲಕ್ಕೆ ತುಂಬುತ್ತಿದ್ದಳು. ಪಂಪಮ್ಮ ಗಂಡನ ಮುಖ ನೋಡಿದಳು, ಆಮೇಲೆ ತಮ್ಮ ರೂಮಿನ ಕಡೆ ನೋಡಿದಳು. (ಅಂದರೆ ಅಂಗಿಯ ಮಡಿಕೆ ಅವಳಿಗೆ ಮೊದಲೇ ಗೊತ್ತಿತ್ತು.) ನಾಲ್ಕು ಕೊಡೋಣ, ನಾಲ್ಕು ಇರಲಿ ಎಂದು ಲೆಕ್ಕ ಹಾಕುತ್ತ ಹೋದ ಕರಿಬಸಯ್ಯ ಎಂಟನ್ನೂ ತಂದು ಕೊಟ್ಟ. ಹನ್ನೆರಡು ವರ್ಷದಿಂದ ತಾನು ಯಾರ ಜೊತೆಗೂ ಒಂದೇ ಬುತ್ತಿಯಲ್ಲಿ ಉಂಡಿರಲಿಲ್ಲ ಎಂದು ಹಿಲ್ಡಮ್ಮ ಕೈಸನ್ನೆ ಮಾಡಿ, ಮಾತು ಸೇರಿಸಿ ಹೇಳಿದಳು. ಪಂಪಮ್ಮನನ್ನು ತಬ್ಬಿಕೊಂಡು ಅತ್ತಳು. ಕರಿಬಸಯ್ಯ "ಕಣ್ಣಾಗ ಉಸುಕು ಬಿತ್ತು" ಎಂದು ಸಮುದ್ರದ ಕಡೆ ತಿರುಗಿದ. ಗಾಳಿ ಇರಲಿಲ್ಲ.

ಮುಂದಿನ ಎರಡು ದಿನ ಅನ್ನ, ಬೇಳೆ, ಬಾಳೆಹಣ್ಣು. ಮದ್ರಾಸಿನಲ್ಲಿ ಅನ್ನ. ರೈಲಿನಲ್ಲಿ ಬಾಳೆಹಣ್ಣು. ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಸಿಂಧನೂರಿನ ಬಸ್ಸಿಗೆ ಕಾಯುವಾಗ ಕರಿಬಸಯ್ಯನ ಕಣ್ಣ ಮುಂದೆ ಜೋಳದ ರೊಟ್ಟಿ ಬಿಟ್ಟರೆ ಬೇರೇನೂ ಇರಲಿಲ್ಲ. ಮೊದಲು ಕನಸಿರಬೇಕು ಅಂದುಕೊಂಡ. ಅಲ್ಲ, ನಿಜವಾದ ರೊಟ್ಟಿಯೇ. ಪಕ್ಕದ ಕಟ್ಟೆಯ ಮೇಲೆ ಸಾಲಗುಂದದ ಗದ್ದೆಮ್ಮ ಗಂಡನ ಜೊತೆ ಬುತ್ತಿ ಬಿಚ್ಚಿದ್ದಳು. ಮೆತ್ತನೆಯ ರೊಟ್ಟಿ, ಎಣ್ಣೆಗಾಯಿ, ಒಂದು ಉಳ್ಳಾಗಡ್ಡಿ. ಕರಿಬಸಯ್ಯನ ಹಣೆಯ ವಿಭೂತಿ ಕಂಡು ರಿವಾಜಿನಂತೆ ಕೈ ತೋರಿಸಿದಳು.

"ಬರ್ರಿ ಅಯ್ಯಾರ, ಊಟ ಮಾಡೋಣು."

"ಆಗ್ಲಿ ಬೇ, ನಿಮ್ದು ಮುಗೀಲಿ" ಎಂಬ ಮಾತು ಅವನ ಗಂಟಲವರೆಗೆ ಬಂದದ್ದು ಖರೆ. ಅಷ್ಟರಲ್ಲಿ ಕಾಲು ಚಕ್ಕಳಮಕ್ಕಳ ಹಾಕಿ ಕೂತೇ ಬಿಟ್ಟಿದ್ದವು.

ರೊಟ್ಟಿ ಮುರಿಯುತ್ತಿದ್ದ ಗದ್ದೆಮ್ಮನ ಕೈ ಗಕ್ಕನೆ ನಿಂತಿತು. ಅವಳ ಗಂಡ ಬುತ್ತಿಯೊಳಗೆ ಇಣುಕಿ ನೋಡಿದ. ಆದರೂ ಮಹಾತಾಯಿ ಒಂದು ರೊಟ್ಟಿ ಹಾಕಿದಳು, ಮೇಲೆ ಎಣ್ಣೆಗಾಯಿ ಹಾಕಿದಳು. ಕರಿಬಸಯ್ಯ ಕಣ್ಣು ಮುಚ್ಚಿ ತಿಂದ. ಎರಡನೆಯದು ಹಾಕಿದಳು, ಮೂರನೆಯದೂ ಹಾಕಿದಳು. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಉಸುಕಿನ ನೆಪ ಹೇಳಲು ಅಲ್ಲಿ ಸಮುದ್ರವೂ ಇರಲಿಲ್ಲ.

ಗದ್ದೆಮ್ಮ ಪಂಪಮ್ಮನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು. "ಯವ್ವಾ, ತಪ್ಪು ತಿಳಕೋಬ್ಯಾಡ. ನಿಮ್ಮ ಯಜಮಾನ್ರು ನಮ್ಮ ಕಡ್ಯಾವ್ರಲ್ಲೇನ?"

"ಅಲ್ಲ ಬೇ," ಎಂದಳು ಪಂಪಮ್ಮ, ಮುಖದ ಮೇಲೆ ನಗೆಯ ಸುಳಿವೂ ಇಲ್ಲದೆ, "ಇವ್ರು ಸಮುದ್ರದಾಚಿ ಮಂದಿ. ಇನ್ನೊಂದು ಹಾಕು ಪಾಪ, ನಾಕು ತಿಂತಾರ."

ಕರಿಬಸಯ್ಯ ಕೇಳಿಸಿಕೊಂಡ. ಬಾಯಿ ತುಂಬಾ ರೊಟ್ಟಿ ಇತ್ತು. ನಾಲ್ಕನೆಯದಕ್ಕೆ ಎರಡೂ ಕೈ ಒಡ್ಡಿದ.