ನೆರಳು ಕೇಳಿದ ಡೌಟು

ಹಗಲು ಹೊತ್ತಿನಲ್ಲಿ ಯಾರ ಮನೆಯ ಜಗಲಿಯಲ್ಲಾದರೂ ಬಲ್ಬು ಉರಿಯುತ್ತಿದ್ದರೆ ಜಿಪುಣರಿಗೆ ಸಂಕಟವಾಗುತ್ತದೆ. ನಾನು ಕತ್ತೆತ್ತಿ ಹತ್ತಿರದ ಕಂಬ ನೋಡುತ್ತೇನೆ. ಮಡಕಶಿರಾದ ನಮ್ಮ ಮನೆಯಲ್ಲಿ ಕರೆಂಟು ಹೋದರೆ ಎಲ್ಲರೂ ಬೀಸಣಿಗೆ ಹುಡುಕುತ್ತಾರೆ, ನಾನು ಮೇನ್ ಸ್ವಿಚ್ಚಿನ ಹತ್ತಿರ ಹೋಗಿ ನಿಲ್ಲುತ್ತೇನೆ. ಕರೆಂಟು ಬಂದರೆ ಎಲ್ಲರೂ ಟೀವಿ ಮುಂದೆ ಕೂರುತ್ತಾರೆ, ನಾನು ಬೀದಿ ಬಾಗಿಲಿಗೆ ಹೋಗಿ ಕಂಬದ ಮೇಲೆ ಯಾರಾದರೂ ಇದ್ದಾರೆಯೇ ಎಂದು ನೋಡಿ ಬರುತ್ತೇನೆ. ಮದುವೆಯಾದ ಹೊಸತರಲ್ಲಿ ನಮ್ಮ ಮನೆಯವರು ಇದನ್ನು ನನ್ನ ತವರಿನ ಕಡೆಯ ಯಾವುದೋ ಹರಕೆ ಎಂದು ತಿಳಿದು ಭಕ್ತಿಯಿಂದ ಸುಮ್ಮನಿದ್ದರಂತೆ. ಈಗ ಆ ಭಕ್ತಿ ಹೋಗಿದೆ. "ಕಂಬದ ಮೇಲೆ ಯಾರೂ ಇಲ್ಲ, ಬಾರಮ್ಮಿ, ಮುದ್ದೆ ಆರೋಗ್ತಾ ಐತೆ" ಎಂದು ತಟ್ಟೆಯ ಮುಂದಿನಿಂದಲೇ ಕೂಗುತ್ತಾರೆ. ನಾನು ನೋಡಿಯೇ ಬರುತ್ತೇನೆ. ಮುದ್ದೆ ಆರಿದರೆ ಸಾರು ಬಿಸಿ ಮಾಡಿಕೊಳ್ಳಬಹುದು.

ಇಂಥವಳಿಗೆ ನಮ್ಮ ಕಾಲೇಜಿನ ಪ್ರಿನ್ಸಿಪಾಲರು ಮೊನ್ನೆ ಒಂದು ಕೆಲಸ ಹಚ್ಚಿದರು. ನಾನು ಅಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಈ ವರ್ಷ ನಮ್ಮ ವಿದ್ಯಾರ್ಥಿಗಳು ಡಾಕ್ಟರು, ವಕೀಲರು, ಎಂಜಿನಿಯರು, ಹೀಗೆ ಯಾರಾದರೊಬ್ಬರ ಹಿಂದೆ ಕೆಲವು ದಿನ ನೆರಳಿನಂತೆ ಓಡಾಡಿ ಅವರು ಹೇಗೆ ಕೆಲಸ ಮಾಡುತ್ತಾರೆ ಎಂದು ನೋಡಿಬರಬೇಕಂತೆ. ಅದರಿಂದಾಗುವ ಪ್ರಯೋಜನಗಳ ಬಗ್ಗೆ ಮಕ್ಕಳ ಮುಂದೆ ನಾನು ಮಾತಾಡಬೇಕಂತೆ. "ಮೇಡಂಗಾರು, ಮೀರೇ ಚೆಪ್ಪಾಲಿ" ಎಂದು ತೆಲುಗಿನಲ್ಲಿ ಶುರು ಮಾಡಿ, ನನ್ನ ಮುಖ ನೋಡಿ ಕನ್ನಡಕ್ಕೆ ಬಂದರು. "ನೀವೇ ಹೇಳಬೇಕು. ರಾಯದುರ್ಗದಲ್ಲಿ ಓದುವಾಗ ನೀವು ಮಾಡಿದ್ರಂತಲ್ಲ, ಅನುಭವ ಇರೋರು." ಅನುಭವವೇನೋ ಇದೆ. ಮನೆಗೆ ಬಂದು ಕಾಗದ ತೆಗೆದು ಪ್ರಯೋಜನಗಳನ್ನು ಬರೆಯಲು ಕೂತೆ. ಪುಸ್ತಕದಲ್ಲಿಲ್ಲದ್ದನ್ನು ಕಣ್ಣಾರೆ ಕಾಣಬಹುದು ಎಂದು ಬರೆದೆ. ಯಾವಾಗ ಏನು ಕೇಳಬೇಕೆಂಬುದು ತಿಳಿಯುತ್ತದೆ ಎಂದು ಬರೆಯುವಷ್ಟರಲ್ಲಿ ಎದ್ದು ಹೋಗಿ ನೀರು ಕುಡಿದೆ. ಮತ್ತೆ ಕೂತೆ, ಮತ್ತೆ ಎದ್ದೆ. ಅದೇ ಹೊತ್ತಿಗೆ ಕರೆಂಟು ಹೋಯಿತು. ಆ ದಿನದ ಪ್ರಯೋಜನಗಳು ಅಲ್ಲಿಗೆ ಮುಗಿದವು.

ನಾನು ಬಿ.ಕಾಂ. ಓದಿದ್ದು ರಾಯದುರ್ಗದಲ್ಲಿ, ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು. ಆ ವರ್ಷಗಳಲ್ಲಿ ಅರ್ಧ ಊರು ಜೀನ್ಸ್ ಪ್ಯಾಂಟು ಹೊಲಿಯುತ್ತಿತ್ತು, ಇನ್ನರ್ಧ ಊರು ಹೊಲಿದ ಪ್ಯಾಂಟಿನ ದಾರ ಕತ್ತರಿಸುತ್ತಿತ್ತು. ದೊಡ್ಡಮ್ಮ ಜೇಬು ಹೊಲಿಯುವವಳು. ಇಡೀ ಪ್ಯಾಂಟು ಹೇಗಿರುತ್ತದೆಂದು ನೋಡುವ ಯೋಗ ಅವಳಿಗೆ ಅಪರೂಪಕ್ಕೆ ಬರುತ್ತಿತ್ತು. ಕರೆಂಟು ಹೋದೊಡನೆ ಓಣಿಯ ಮಿಷನ್ನುಗಳೆಲ್ಲ ಒಟ್ಟಿಗೆ ಸುಮ್ಮನಾಗುತ್ತಿದ್ದವು. ಹೆಂಗಸರು ಪ್ಯಾಂಟಿನ ಕಟ್ಟುಗಳನ್ನು ಎತ್ತಿಕೊಂಡು ಕಟ್ಟೆಗೆ ಬಂದು, ದಾರ ಕತ್ತರಿಸುತ್ತ, ಅದರ ಜೊತೆಗೆ ಊರವರ ಮಾನವನ್ನೂ ಅಷ್ಟಿಷ್ಟು ಕತ್ತರಿಸುತ್ತ ಕೂರುತ್ತಿದ್ದರು. ನಮ್ಮೆದುರಿನ ಮನೆಗೆ ಮಾತ್ರ ಬೀಗ. ಆ ಮನೆಯವರು ಬೆಂಗಳೂರಿನ ಗಾರ್ಮೆಂಟ್ಸಿಗೆ ಗುಳೆ ಹೋಗಿದ್ದರು. ಹೋಗುವಾಗ, ಒಳಗೆ ಜನ ಇದ್ದಾರೆಂದು ಕಳ್ಳರು ತಿಳಿಯಲಿ ಎಂದು, ಜಗಲಿಯ ಬಲ್ಬು ಹಾಕಿಟ್ಟು ಹೋಗಿದ್ದರು. ಅದು ಹಗಲೂ ರಾತ್ರಿ ಉರಿಯುತ್ತಿತ್ತು. "ಜನ ಇದ್ದಾಗ ಆ ಮನಿಗೆ ಇಷ್ಟು ಬೆಳಕಿರಲಿಲ್ಲ" ಎನ್ನುತ್ತಿದ್ದಳು ದೊಡ್ಡಮ್ಮ. ಕಳ್ಳರು ಮೋಸ ಹೋದರೋ ಇಲ್ಲವೋ ತಿಳಿಯದು, ಓಣಿಗಂತೂ ಉಪಯೋಗವಾಯಿತು. ಕರೆಂಟು ಬಂತೇ ಎಂದು ಒಳಗೆ ಹೋಗಿ ಸ್ವಿಚ್ಚು ಒತ್ತಿ ನೋಡುವವರು ಯಾರೂ ಇರಲಿಲ್ಲ. ಕಟ್ಟೆಯ ಮೇಲಿಂದಲೇ ಕತ್ತೆತ್ತಿ ಆ ಬಲ್ಬು ನೋಡುತ್ತಿದ್ದರು. ಅದು ಹತ್ತಿದರೆ ಕರೆಂಟು ಬಂತು, ಎದ್ದು ಮಿಷನ್ನಿಗೆ ನಡಿ ಎಂದು ಅರ್ಥ.

ನೆರಳಾಗಿ ತಿರುಗುವ ಯೋಚನೆ ನಮ್ಮ ಅಕೌಂಟ್ಸ್ ಮೇಷ್ಟ್ರದು. ನನ್ನ ಗೆಳತಿಗೆ ಬ್ಯಾಂಕಿನ ಮ್ಯಾನೇಜರು ಸಿಕ್ಕರು. ಅವರು ಅವಳನ್ನು ಬಾಗಿಲಲ್ಲಿ ಕೂರಿಸಿ ಬಂದವರಿಗೆಲ್ಲ ಚಲನ್ ಬರೆದುಕೊಡಲು ಹಚ್ಚಿದರು. ಇನ್ನೊಬ್ಬ ಡಾಕ್ಟರ ನೆರಳಾಗಿ ಹೋಗಿ, ಮೊದಲ ಇಂಜೆಕ್ಷನ್ನಿಗೇ ತಲೆ ತಿರುಗಿ ಬಿದ್ದು, ಉಳಿದ ದಿನಗಳನ್ನು ಅದೇ ಡಾಕ್ಟರ ರೋಗಿಯಾಗಿ ಕಳೆದ. ನನಗೆ ವಕೀಲರು ಬೇಕಿತ್ತು, ಸಿಕ್ಕಿದ್ದು ಕರೆಂಟ್ ಆಫೀಸಿನ ಎಂಜಿನಿಯರು. ಅವರು ಮೀಟಿಂಗಿಗೆ ಹೊರಟು ನಿಂತಿದ್ದರು. ನನ್ನನ್ನು ನೋಡಿ, "ಆಫೀಸಿನಾಗ ಏನೈತಮ್ಮ, ಬರೀ ಫ್ಯಾನು. ಕೆಲಸ ನೋಡಬೇಕಂದ್ರ ತಿಪ್ಪೇಸ್ವಾಮಿ ಹಿಂದ ಹೋಗು" ಎಂದು ಲೈನ್‌ಮನ್ನಿಗೆ ಒಪ್ಪಿಸಿದರು. ನೆರಳಿಗೆ ಆಯ್ಕೆ ಎಲ್ಲಿಯದು?

ಲೈನ್‌ಮನ್ ತಿಪ್ಪೇಸ್ವಾಮಿಯವರಿಗೆ ಇದು ಬಲು ಹೆಮ್ಮೆಯ ಸಂಗತಿ. ಕಾಲೇಜು ಹುಡುಗಿ ತನ್ನ ಕೆಲಸ ನೋಡಲು ಬರುತ್ತಾಳೆಂದು ಮೊದಲ ದಿನವೇ ಮನೆಯಲ್ಲಿ ಹೇಳಿಬಿಟ್ಟಿದ್ದರು. ಮರುದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮೀಸೆಗೆ ಎಣ್ಣೆ ಸವರಿಕೊಂಡು ಬಂದರು. ಸೈಕಲ್ಲಿಗೆ ಬುತ್ತಿಯ ಗಂಟು ತೂಗುಬಿದ್ದಿತ್ತು. "ನಮ್ಮನಿಯಾಕಿ ನಿನಗೂ ಸೇರಿಸಿ ರೊಟ್ಟಿ ಕಟ್ಯಾಳವ್ವ. ಕೆಲಸ ಮುಗಿಸಿ ಕೂಡಿ ಉಣ್ಣೂಣು" ಎಂದರು. ನಾನು ಆ ರೊಟ್ಟಿಯ ಋಣಕ್ಕೋ ಎಂಬಂತೆ ದಾರಿಯುದ್ದಕ್ಕೂ ಡೌಟು ಕೇಳತೊಡಗಿದೆ. ತಂತಿಯ ಮೇಲೆ ಕೂತ ಕಾಗೆಗೆ ಯಾಕೆ ಏನೂ ಆಗುವುದಿಲ್ಲ? ಟ್ರಾನ್ಸ್‌ಫಾರ್ಮರು ಯಾಕೆ ಗುಂಯ್ ಎನ್ನುತ್ತದೆ? ಮಳೆಯ ನಾಲ್ಕು ಹನಿ ಬಿದ್ದರೆ ನೀವು ಯಾಕೆ ಕರೆಂಟು ತೆಗೆಯುತ್ತೀರಿ? ಕೊನೆಯದಕ್ಕೆ ಅವರಿಗೆ ಸ್ವಲ್ಪ ಬೇಸರವಾಯಿತು. ಒಂದು ಕಂಬದ ಮೇಲಿದ್ದಾಗ ನನಗೆ ಉತ್ತರ ಹೇಳಲು ತಿರುಗಿ ಕೈಯಲ್ಲಿದ್ದ ಕಟಿಂಗ್ ಪ್ಲೇಯರನ್ನು ಕೆಳಗೆ ಬೀಳಿಸಿದರು. ಇಳಿದು ಬಂದವರೇ ಹೇಳಿದರು: "ನೋಡವ್ವ, ನೆರಳು ಅಂದ್ರ ಏನು? ಹಿಂದ ಬರ್ತೈತಿ, ಮಾತಾಡಂಗಿಲ್ಲ. ನಾನು ಮ್ಯಾಲಿದ್ದಾಗ ಒಂದು ಮಾತೂ ಬ್ಯಾಡ. ಡೌಟು ಇದ್ರ ಕೆಳಗಿಳಿದ ಮ್ಯಾಲೆ ಕೇಳು."

"ಆಯ್ತು ಸರ್" ಎಂದೆ. ನಾನು ಮೊದಲಿನಿಂದಲೂ ಹೇಳಿದ ಮಾತು ಕೇಳುವ ವಿದ್ಯಾರ್ಥಿನಿ. ನನ್ನ ದುರದೃಷ್ಟ ಅದೇ.

ಅಂದು ಮಧ್ಯಾಹ್ನ ದೊಡ್ಡಮ್ಮನ ಓಣಿಯಲ್ಲೇ ಕೆಲಸ ಬಿತ್ತು. ಕಂಬದ ಮೇಲೆ ತಂತಿಯ ಜೋಡಣೆ ಸಡಿಲವಾಗಿ ಮಿಷನ್ನುಗಳು ಒಮ್ಮೆ ಓಡಿ ಒಮ್ಮೆ ನಿಲ್ಲುತ್ತಿದ್ದವು. ತಿಪ್ಪೇಸ್ವಾಮಿ ಓಣಿಯ ತುದಿಯ ಟ್ರಾನ್ಸ್‌ಫಾರ್ಮರಿನಲ್ಲಿ ಲೈನು ಆಫ್ ಮಾಡಿ ಬಂದರು. ಎದುರಿನ ಮನೆಯ ಬಲ್ಬು ಆರಿತು. ವಾಡಿಕೆಯಂತೆ ಹೆಂಗಸರೆಲ್ಲ ಕಟ್ಟುಗಳೊಂದಿಗೆ ಹೊರಗೆ ಬಂದು ಕೂತರು. ಪ್ರೇಕ್ಷಕರು ಸೇರಿದ್ದನ್ನು ನೋಡಿ ತಿಪ್ಪೇಸ್ವಾಮಿಯವರಿಗೆ ಉತ್ಸಾಹ ಬಂತು. ಚೀಲದಿಂದ ಒಂದು ಸರಪಣಿ ತೆಗೆದು ಎಲ್ಲರಿಗೂ ಕೇಳುವಂತೆ ನನಗೆ ವಿವರಿಸಿದರು. "ಲೈನ್ ಆಫ್ ಮಾಡೀನಿ ಅಂತ ಕೈ ಹಚ್ಚಬಾರದು. ಮೊದಲು ಈ ಸರಪಣಿ ತಂತಿಗಳ ಮ್ಯಾಲೆ ಹಾಕಬೇಕು, ಇದರ ತುದಿ ನೆಲಕ್ಕ. ಯಾವನರ ಹಿಂದಿನಿಂದ ಕರೆಂಟ್ ಬಿಟ್ಟಾ ಅನ್ಕೋ, ಸೀದಾ ನೆಲಕ್ಕ ಹೋಗ್ತೈತಿ, ನನ್ನ ಕಡಿ ಬರಂಗಿಲ್ಲ. ಕಟ್ಕೊಂಡಾಕಿ ಮನ್ಯಾಗ ಕಾಯ್ತಾಳ, ಇದು ಕಂಬದ ಮ್ಯಾಲೆ ಕಾಯ್ತೈತಿ."

ಕಟ್ಟೆಯ ಮೇಲೆ ನಗು ಎದ್ದಿತು. "ಎಷ್ಟು ಭಾರ ಐತಿ ಹಿಡಿದು ನೋಡವ್ವ" ಎಂದು ಅದನ್ನು ನನ್ನ ಕೈಗೆ ಹಾಕಿದರು. ನಾನು ಹಿಡಿದು ನೋಡಿದೆ, ಭಾರವಿತ್ತು. "ನಮ್ಮ ಹುಡುಗಿ, ನಮ್ಮ ತಂಗಿ ಮಗಳು" ಎಂದು ದೊಡ್ಡಮ್ಮ ಪಕ್ಕದವಳಿಗೆ ಹೇಳಿದಳು. ತಿಪ್ಪೇಸ್ವಾಮಿ ಮೀಸೆಯ ಮೇಲೆ ಕೈಯಾಡಿಸಿ, ಕೈಗವಸು ಹಾಕದೆ, ಸರಸರನೆ ಕಂಬ ಹತ್ತಿದರು. ಸರಪಣಿ ನನ್ನ ಕೈಯಲ್ಲೇ ಉಳಿಯಿತು. ಅದು ಮೇಲೆ ಇರಬೇಕಾದದ್ದು ಎಂದು ಅವರಿಗೂ ಹೊಳೆಯಲಿಲ್ಲ, ಪಾಠ ಆಗಷ್ಟೇ ಕೇಳಿದ್ದ ನನಗೂ ಹೊಳೆಯಲಿಲ್ಲ. ಬಹುಮಾನದ ಕಪ್ಪು ಹಿಡಿದವಳ ಹಾಗೆ ಅದನ್ನು ಎದೆಗವಚಿಕೊಂಡು ನಿಂತಿದ್ದೆ.

ಅವರು ಸೊಂಟದ ಹಗ್ಗ ಬಿಗಿದುಕೊಂಡು, ತೋಳು ಮಡಚಿ, ಪ್ಲೇಯರು ತೆಗೆಯುತ್ತಿದ್ದರು. ನಾನು ಸುಮ್ಮನೆ ಎದುರಿನ ಮನೆಯ ಕಡೆ ನೋಡಿದೆ. ಜಗಲಿಯ ಬಲ್ಬು, ಆರುವ ಕೆಂಡದ ಹಾಗೆ, ಮಂಕಾಗಿ ಕೆಂಪಗೆ ಹತ್ತಿಕೊಂಡಿತ್ತು.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೆಂದರೆ, ಅಂದು ನಡೆದದ್ದು ಯಾವುದು, ಆಮೇಲೆ ನಾನು ಸೇರಿಸಿದ್ದು ಯಾವುದು ಎಂದು ಕೆಲವೊಮ್ಮೆ ಅನುಮಾನ ಬರುತ್ತದೆ. ಬಲ್ಬು ಹತ್ತಿದೆ ಎಂದು ಕಣ್ಣಿಗೆ ತಿಳಿಯಿತು. ಲೈನು ಆಫ್ ಆಗಿದೆ ಎಂದು ತಲೆಗೆ ತಿಳಿದಿತ್ತು. ಇವೆರಡೂ ಒಂದಕ್ಕೊಂದು ಸೇರಿ "ಕೈ ತೆಗೀರಿ" ಎಂಬ ಕೂಗಾಗಬೇಕಿತ್ತು. ದನ ಕಾಯುವವಳಾಗಿದ್ದರೆ ಕೂಗುತ್ತಿದ್ದೆ. ನಾನು ಬಿ.ಕಾಂ. ಓದುತ್ತಿದ್ದೆ. ಸರಪಣಿಯನ್ನು ಎಡಗೈಗೆ ವರ್ಗಾಯಿಸಿ, ಬಲಗೈಯನ್ನು, ಕ್ಲಾಸಿನಲ್ಲಿ ಎತ್ತುವ ಹಾಗೆ, ನೆಟ್ಟಗೆ ಮೇಲೆತ್ತಿದೆ.

"ಸರ್, ಒಂದು ಡೌಟು."

"ಇಳಿದ ಮ್ಯಾಲೆ ಅಂದಿಲ್ಲೇನವ್ವ" ಎಂದರು ತಿಪ್ಪೇಸ್ವಾಮಿ, ಕೆಳಗೆ ನೋಡದೆ.

ಸರಿಯಾದ ಉತ್ತರವೇ. ನಾನು ಕೈ ಇಳಿಸಿದೆ. ಹೌದು, ಇಳಿಸಿದೆ. ಅವರ ಕೈ ತಂತಿಯ ಕಡೆ ಹೋಗುತ್ತಿತ್ತು. ಬಲ್ಬು ಇನ್ನೂ ಸ್ವಲ್ಪ ಬೆಳಗಿತು. ಯಾರು ಎತ್ತಿದರೋ ಏನೋ, ನನ್ನ ಕೈ ಮತ್ತೆ ಮೇಲೆದ್ದಿತ್ತು.

"ಅಲ್ಲ ಸರ್, ಲೈನು ಆಫ್ ಇದ್ದಾಗ ಬಲ್ಬು ಹತ್ತುತ್ತದಾ?"

ಇಂಥ ದಡ್ಡ ಪ್ರಶ್ನೆಗೆ ನಗಬೇಕೆಂದೇ ಅವರು ತಿರುಗಿದ್ದು. ನಗು ಅರ್ಧಕ್ಕೆ ಬಂದಿತ್ತು, ಕಣ್ಣು ಬಲ್ಬಿನ ಮೇಲೆ ಬಿತ್ತು. ಎರಡೂ ಕೈಗಳನ್ನು ಎದೆಗೆ ಅವುಚಿಕೊಂಡು, ಹಗ್ಗದ ಮೇಲೆ ಒರಗಿ, ಕಲ್ಲಾಗಿ ನಿಂತರು. ಓಣಿಯಲ್ಲಿ ಕತ್ತರಿಗಳ ಸದ್ದು ನಿಂತಿತು. ಆಗ ಕೇಳಿಸಿತು, ಹಿಂದುಗಡೆ ವನ್ನೂರಪ್ಪನ ಮನೆಯ ಹಿತ್ತಲಿನಿಂದ, ಜನರೇಟರು ಏದುಸಿರು ಬಿಡುತ್ತಿರುವ ಸದ್ದು.

ದೊಡ್ಡಮ್ಮ ಜೇಬುಗಳ ಕಟ್ಟನ್ನು ಎಸೆದು ಓಡಿದಳು. ಜನರೇಟರು ನಿಂತಿತು. ವನ್ನೂರಪ್ಪ ಮನೆಯಲ್ಲೇ ಹತ್ತು ಮಿಷನ್ನು ಇಟ್ಟುಕೊಂಡು ಪ್ಯಾಂಟು ಹೊಲಿಸುತ್ತಿದ್ದವನು. ಬಳ್ಳಾರಿಗೆ ಹೋಗುವ ಮಾಲು ಸಂಜೆ ಹೊರಡಬೇಕಿತ್ತಂತೆ. ಜನರೇಟರಿನ ವೈರನ್ನು ಮನೆಯ ಪ್ಲಗ್ಗಿಗೇ ಚುಚ್ಚುವುದು ಅವನ ರೂಢಿ. ಜನರೇಟರಿನ ಕರೆಂಟು ಹಿಂದಕ್ಕೆ ಹರಿದು ಬೀದಿಯ ತಂತಿಗೆ ಹೋಗದಿರಲಿ ಎಂದು ಚುಚ್ಚುವ ಮೊದಲು ಮೇನ್ ಇಳಿಸುತ್ತಿದ್ದ. ಆದರೆ ಆ ಮೇನಿನ ಉದ್ದನೆಯ ಕಬ್ಬಿಣದ ಹಿಡಿಕೆ ಪ್ಯಾಂಟು ತೂಗುಹಾಕಲು ಬಹಳ ಅನುಕೂಲವಾಗಿತ್ತು. ಅಂದು ಒಂದು ರಾಶಿ ಜೀನ್ಸ್ ಅದರ ಮೇಲೆ ತೂಗುಬಿದ್ದಿತ್ತು, ಹಿಡಿಕೆಯೇ ಕಾಣುತ್ತಿರಲಿಲ್ಲ.

"ಅಷ್ಟು ಪ್ಯಾಂಟ್ ಹಾಕೀನ್ರಿ, ಭಾರಕ್ಕ ಮೇನ್ ತಾನೇ ಇಳಿದೈತಿ ಅನ್ಕೊಂಡೆ" ಎಂದ ವನ್ನೂರಪ್ಪ. ಮುಖ ಬೂದಿಯಾಗಿತ್ತು.

"ನಿನ್ನ ಪ್ಯಾಂಟಿನ ಭಾರಕ್ಕ ಒಬ್ಬಾಕಿ ತಾಳಿ ಹರೀತಿತ್ತಲ್ಲೋ" ಎಂದಳು ದೊಡ್ಡಮ್ಮ. ಅವಳು ಆಮೇಲೆ ಬಹಳ ಹೊತ್ತು ಬೈದಳು. ಅವನು ಹಿಡಿಕೆಯ ಮೇಲಿನ ಪ್ಯಾಂಟುಗಳನ್ನು ಒಂದೊಂದಾಗಿ ತೆಗೆಯತೊಡಗಿದ.

ತಿಪ್ಪೇಸ್ವಾಮಿ ಇಳಿದು ಬಂದು ಕಟ್ಟೆಯ ಮೇಲೆ ಕೂತರು. ನನ್ನ ಕೈಯಿಂದ ಸರಪಣಿ ಇಸಿದುಕೊಂಡರು. ಇಸಿದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು, ನನ್ನ ಬೆರಳು ಬಿಚ್ಚುತ್ತಿರಲಿಲ್ಲ. ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಮೂಲೆಯಲ್ಲಿ ನನಗೆಂದೇ ಬೇರೆ ಕಟ್ಟಿದ ಶೇಂಗಾ ಚಟ್ನಿಪುಡಿ. ಅವರು ರೊಟ್ಟಿ ಮುರಿಯಲು ಹೋದರು, ಆಗಲಿಲ್ಲ. ನಾನು ಮುರಿದುಕೊಡಲು ಹೋದೆ, ರೊಟ್ಟಿ ಪುಡಿಯಾಯಿತು. ಕೊನೆಗೆ ದೊಡ್ಡಮ್ಮ ಬಂದು ಇಬ್ಬರಿಗೂ ಮುರಿದುಕೊಟ್ಟಳು. ಎರಡು ತುತ್ತು ತಿಂದ ಮೇಲೆ ತಿಪ್ಪೇಸ್ವಾಮಿ ಮೆಲ್ಲಗೆ ಕೇಳಿದರು: "ಅವ್ವ, ನಾ ಇನ್ನೊಮ್ಮಿ 'ಆಮ್ಯಾಲೆ' ಅಂದಿದ್ರ ಏನ್ ಮಾಡ್ತಿದ್ದಿ?"

ನಾನು ಚಟ್ನಿಪುಡಿಯ ಪೊಟ್ಟಣ ಬಿಚ್ಚತೊಡಗಿದೆ. ಅವರು "ನಮ್ಮನಿಯಾಕಿಗೆ ಹೇಳಬ್ಯಾಡ" ಎಂದಷ್ಟೇ ಹೇಳಿ, ಊಟ ಮುಗಿಸಿ, ಸರಪಣಿಯನ್ನು ಹೆಗಲಿಗೆ ಹಾಕಿಕೊಂಡೇ ಮತ್ತೆ ಕಂಬ ಹತ್ತಿದರು.

ಕಾಲೇಜಿನಲ್ಲಿ ನನಗೆ ಚಪ್ಪಾಳೆ ತಟ್ಟಿಸಿದರು. ಪ್ರಶ್ನೆ ಕೇಳುವ ವಿದ್ಯಾರ್ಥಿನಿ ಜೀವ ಉಳಿಸಬಲ್ಲಳು ಎಂದು ಅಕೌಂಟ್ಸ್ ಮೇಷ್ಟ್ರು ಪ್ರತಿ ವರ್ಷವೂ ಹೊಸ ಹುಡುಗರಿಗೆ ನನ್ನ ಕತೆ ಹೇಳುತ್ತಿದ್ದರಂತೆ. ಓಣಿಯಲ್ಲಿ ನನ್ನ ಹೆಸರೇ "ಡೌಟಿನ ಹುಡುಗಿ" ಎಂದಾಯಿತು. ತಿಪ್ಪೇಸ್ವಾಮಿಯವರೂ ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸಿಕೊಂಡು ಸುಖವಾಗಿದ್ದಾರೆ. ಸುಖವಾಗಿಲ್ಲದವಳು ನಾನೊಬ್ಬಳೇ. ಅವರು ಕೇಳಿದ ಪ್ರಶ್ನೆ ನನ್ನೊಳಗೆ ಕೈ ಎತ್ತಿಕೊಂಡೇ ನಿಂತಿದೆ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ನಾನು ಮತ್ತೆ ಆ ಕಂಬದ ಕೆಳಗೆ ನಿಂತಿರುತ್ತೇನೆ. ಅವರು "ಆಮ್ಯಾಲೆ" ಎನ್ನುತ್ತಾರೆ. ನಾನು "ಆಯ್ತು ಸರ್" ಎನ್ನುತ್ತೇನೆ. ಅಲ್ಲಿಂದ ಮುಂದಕ್ಕೆ ಹೋಗಲಾರದೆ ಎದ್ದು ಹೋಗಿ ಮೇನ್ ಸ್ವಿಚ್ಚು ನೋಡುತ್ತೇನೆ.

ಕೊನೆಗೆ ನಿನ್ನೆ ಭಾಷಣ ಮಾಡಿದೆ. ಪ್ರಯೋಜನಗಳ ಕಾಗದ ಪಕ್ಕಕ್ಕಿಟ್ಟು ನಡೆದದ್ದನ್ನೇ ಹೇಳಿದೆ. "ಯಾರ ಹಿಂದೆಯಾದರೂ ಹೋಗಿ, ಕಲಿಯಲು ಬೇಕಾದಷ್ಟಿದೆ. ಅವರು ನಿಮಗೆ ತೋರಿಸಲೆಂದು ಕೆಲಸ ಮಾಡತೊಡಗಿದರೆ ಮಾತ್ರ ಹುಷಾರಾಗಿರಿ. ಅಪಾಯ ಕಂಡರೆ ಕೈ ಎತ್ತಬೇಡಿ, ಅಪ್ಪಣೆ ಕೇಳಬೇಡಿ, ಡೌಟು ಅನ್ನಬೇಡಿ. ಬಾಯಿಬಿಟ್ಟು ಕೂಗಿ" ಎಂದೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ನನಗೂ ಎದೆಯ ಭಾರ ಇಳಿದಂತಾಯಿತು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿ ಎದ್ದು ನಿಂತಳು.

"ಮೇಡಂ, ಒಂದು ಡೌಟು."

ಮೈಕು ನನ್ನ ಕೈಯಿಂದ ಬಿತ್ತು. ನಾನು ಗೋಡೆಯವರೆಗೆ ಹಿಂದೆ ಸರಿದು, ಮೇಲಿನ ಬಲ್ಬು ನೋಡುತ್ತ ನಿಂತಿದ್ದೆ. ಆ ಹುಡುಗಿ ಹೆದರಿ, "ಏನಿಲ್ಲ ಮೇಡಂ, ಆ ದಿನಗಳಿಗೆ ಅಟೆಂಡೆನ್ಸ್ ಕೊಡ್ತೀರಾ ಅಂತ" ಎಂದಳು. ಪ್ರಿನ್ಸಿಪಾಲರು ಮೈಕು ಎತ್ತಿಕೊಂಡರು. ಅದು ಒಮ್ಮೆ ಕಿರುಚಿ ಚಟಚಟ ಎಂದಿತು. ಅದರ ವೈರಿನ ಸಿಪ್ಪೆ ಒಂದು ಕಡೆ ಸುಲಿದದ್ದು, ಅವರ ಹೆಬ್ಬೆರಳು ಅದರ ಹತ್ತಿರವೇ ಇದ್ದದ್ದು ನನಗೆ ನಿಂತಲ್ಲಿಂದಲೇ ಕಾಣುತ್ತಿತ್ತು. "ಏನೂ ಆಗಿಲ್ಲ, ತಗೊಳ್ಳಿ ಮೇಡಂಗಾರು" ಎಂದು ಅದನ್ನು ನನ್ನ ಕಡೆ ಚಾಚಿದರು.

ಕೂಗಿ ಎಂದು ಮಕ್ಕಳಿಗೆ ಹೇಳಿ ಇನ್ನೂ ಒಂದು ನಿಮಿಷವಾಗಿರಲಿಲ್ಲ. ನನ್ನ ಬಲಗೈ ಮೆಲ್ಲಗೆ, ನೆಟ್ಟಗೆ, ಮೇಲೆದ್ದಿತು.

"ಸರ್," ಎಂದೆ, "ಒಂದು ಡೌಟು."