ಗಂಜಿ ಹಚ್ಚಿದ ಬಲೂನು

ಮಕ್ಕಳೇ, ಬೆಳಗಾವಿಯಲ್ಲಿ ಗಾಳಿಗೂ ಗಂಜಿ ಹಚ್ಚಲು ಹೊರಟ ಮನುಷ್ಯ ಒಬ್ಬರೇ. ಅವರು ನನ್ನ ಮಾವನವರು, ನಿಮ್ಮ ಮುತ್ತಜ್ಜ!

ಎಪ್ಪತ್ತರ ದಶಕದ ಕೊನೆ. ಖಾಸಬಾಗದ ನಮ್ಮ ಮನೆಯಲ್ಲಿ ಎರಡು ಕೈಮಗ್ಗ. ಒಂದು ದಿನ ಬಚ್ಚಲ ಒಲೆಯಿಂದ ಸುಟ್ಟ ಕಾಗದದ ಚೂರೊಂದು ಮಾಡಿನ ತನಕ ಏರಿದ್ದನ್ನು ಮಾವನವರು ಕಂಡರು. ಮುಗಿಯಿತು! ಸಾಬೂನು ಹಚ್ಚಿಕೊಂಡ ಅತ್ತೆಯವರು ಒಳಗಿನಿಂದ ನೀರಿಗಾಗಿ ಕೂಗುತ್ತಿದ್ದರೆ, ಇವರು ಹೊರಗೆ ಒಲೆಗೆ ಇನ್ನಷ್ಟು ಕಾಗದ ಹಾಕುತ್ತಿದ್ದರು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನನ್ನ ತವರೂರು ಖಾನಾಪುರದಲ್ಲಿ ತಮ್ಮನ ಮದುವೆಗೆ ಬಂದ ಮಾವನವರು, ನನ್ನ ಹಳೆಯ ಮಾಸ್ತರರ ಮುಂದೆ ಮಾತು ಕೊಟ್ಟುಬಿಟ್ಟರು: "ಮುಂದಿನ ತಿಂಗಳ ನಿಮ್ಮ ಸಾಲಿ ಬಯಲಾಗ ಬಿಸಿಗಾಳಿ ಬಲೂನ್ ಹಾರಸ್ತೇನಿ. ಹಾರಲಿಲ್ಲಂದ್ರ ಈ ಊರಿಗಿ ನಮ್ಮ ಮನ್ಯಾವ್ರು ಯಾರೂ ಕಾಲಿಡಂಗಿಲ್ಲ."

ಮನೆಯವರು ಯಾರೂ! ಅಂದರೆ ನಾನೂ ಇಲ್ಲವೇ? ನನ್ನನ್ನು ಕೇಳದೆಯೇ ನನ್ನ ತವರನ್ನು ಬಲೂನಿಗೆ ಕಟ್ಟಿಬಿಟ್ಟರು.

ಗಾಳಿಪಟದ ತೆಳುಕಾಗದ ಅಂಟಿಸಿ ಮೊದಲ ಬಲೂನು ತಯಾರಾಯಿತು. ನೇಕಾರರಲ್ಲವೇ, ಮಗ್ಗದ ಹಾಸಿನ ನೂಲು ಹರಿಯದಿರಲೆಂದು ಹಚ್ಚುವ ಗಂಜಿಯನ್ನು ಅದರ ಮೈತುಂಬ ಬಳಿದರು. ಒಣಗಿದ ಮೇಲೆ ಅದು ಅಂಗಳದಲ್ಲಿ ದೊಡ್ಡ ಹಪ್ಪಳದಂತೆ ಖಡಕ್ಕಾಗಿ ನಿಂತಿತು. ಕೆಳಗೆ ಎಷ್ಟು ಹೊಗೆ ಹಾಕಿದರೂ ಕದಲಲಿಲ್ಲ. ಸಂಜೆ ಪಕ್ಕದ ಮನೆಯ ಎಮ್ಮೆ ಬಂದು ಅದನ್ನು ರುಚಿಯಾಗಿ ತಿಂದು ಮುಗಿಸಿತು.

ತಪ್ಪೇನೆಂದು ನನಗೆ ಗೊತ್ತಿತ್ತು. ಏಳನೆಯ ತರಗತಿಯಲ್ಲಿ ಮಾಸ್ತರರು ಕಲಿಸಿದ್ದರಲ್ಲ! ಆದರೆ ಸೊಸೆ ಮಾವನೊಡನೆ ನೇರವಾಗಿ ಮಾತಾಡುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಮಾವನವರು ಮೂರು ಮಾರು ದೂರ ಕುಳಿತಿದ್ದರೂ ಅತ್ತೆಯವರಿಗೇ ಹೇಳಿದೆ.

"ಅತ್ತಿ, ಗಂಜಿ ಭಾರ ಆಗೇತಂತ ಹೇಳ್ರಿ."

"ಗಂಜಿ ಭಾರ ಆಗೇತಂತ."

"ಗಂಜಿ ಇಲ್ಲಂದ್ರ ಹರೀತದ ಅಂತ ಅಕಿಗಿ ಹೇಳು."

"ನೀವ ನೀವ ಮಾತಾಡ್ಕೋರಿ, ನನ್ನ ರೊಟ್ಟಿ ಹೊತ್ತಾಕತ್ತಾವು," ಎಂದು ಅತ್ತೆಯವರು ಒಳಗೆ ಹೋದರು. ಅಂದಿನ ಮಾತು ಅಲ್ಲಿಗೇ ನಿಂತಿತು. ಆದರೆ ಎರಡನೆಯ ಬಲೂನಿಗೆ ಗಂಜಿ ಬೀಳಲಿಲ್ಲ!

ಅದನ್ನು ಸೀರೆಯಂತೆ ಮಡಿಸಿ, ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಖಾನಾಪುರಕ್ಕೆ ಹೋದೆವು. ಅತ್ತೆಯವರು ಬರಲಿಲ್ಲ. ಚಳಿಯ ಮುಂಜಾವು, ಬಯಲಿನ ತುಂಬ ಮಕ್ಕಳು. ನಿಮ್ಮ ಅಜ್ಜ ಬಿದಿರಿನಿಂದ ಬಲೂನಿನ ನೆತ್ತಿ ಎತ್ತಿ ಹಿಡಿದು ಹೊಗೆಗೆ ಕೆಮ್ಮುತ್ತಿದ್ದರು. ಮಾವನವರು ಅದರ ಬಾಯಿಯ ತಂತಿಬಳೆಯನ್ನು ಹುಲ್ಲಿನ ಬೆಂಕಿಯ ಮೇಲೆ ಹಿಡಿದಿದ್ದರು. ಬಲೂನು ಉಬ್ಬಿತು, ತುಂಬಿತು, ಮೇಲಕ್ಕೆ ಜಗ್ಗತೊಡಗಿತು. ಮಾವನವರು ಬಿಡಲೊಲ್ಲರು! ಬಿದ್ದರೆ ಎಂಬ ಭಯ. ಕಾಗದದ ಅಂಚು ಕಂದತೊಡಗಿತು. ಇನ್ನೊಂದು ಗಳಿಗೆ ಹಿಡಿದರೆ ಬಲೂನೂ ಇಲ್ಲ, ನನ್ನ ತವರೂ ಇಲ್ಲ.

"ಮಾವಾರ, ಬಿಡ್ರಿ!"

ಬೆಚ್ಚಿ ಕೈಬಿಟ್ಟರು. ಬಲೂನು ಶಾಲೆಯ ಹಂಚು ದಾಟಿತು, ಹುಣಸೆಮರ ದಾಟಿತು, ಮಲಪ್ರಭೆಯ ಕಡೆಗೆ ತೇಲಿತು. ಬಯಲೆಲ್ಲ ಕೇಕೆ!

ಹೇಗೆ ಹಾರಿತೆಂದು ಮಾಸ್ತರರು ಕೇಳಿದಾಗ ಮಾವನವರು ನನ್ನತ್ತ ಕೈ ತೋರಿಸಿದರು. ಸೆರಗು ಬಿಗಿಹಿಡಿದು ಹೇಳಿದೆ. ಕಾಯ್ದ ಗಾಳಿ ಹಿಗ್ಗಿ ಹಗುರಾಗುತ್ತದೆ. ಆ ಗಾಳಿಯೂ ಕಾಗದವೂ ಸೇರಿ, ಅಷ್ಟೇ ಜಾಗದ ಹೊರಗಿನ ತಣ್ಣನೆಯ ಗಾಳಿಗಿಂತ ಹಗುರಾಗಿದ್ದರೆ ಬಲೂನು ಮೇಲೇರುತ್ತದೆ. ಒಳಗಿನದು ಆರಿದರೆ ಇಳಿಯುತ್ತದೆ.

ಅದೂ ಇಳಿಯತೊಡಗಿತು. ಎಲ್ಲರೂ ಅದರ ಹಿಂದೆ ಓಡಿದರು. ಮಾವನವರು ಓಡಲಿಲ್ಲ.

"ನಾಕ ವರ್ಷ ಆತು ಯವ್ವಾ, ನೀ ಮನಿಗಿ ಬಂದು," ಎಂದರು ಮೆಲ್ಲಗೆ. "ನನ್ನ ಕರದ್ರ ನಿನ್ನ ಧ್ವನಿ ಹೆಂಗಿರ್ತೈತಿ ಅಂತ ನಂಗ ಇವತ್ತ ಗೊತ್ತಾತು. ಇನ್ನ ಏನಿದ್ರೂ ನಂಗ ನೀನ ಹೇಳು. ನಡುವ ಯಾರೂ ಬ್ಯಾಡ."

"ಹಂಗಾರ ನಡೀರಿ ಮಾವಾರ, ಬಲೂನ್ ಹೊಳ್ಯಾಗ ಬೀಳ್ತೈತಿ," ಎಂದು ನೇರವಾಗಿ ಅವರಿಗೇ ಹೇಳಿದೆ.