ಸಾಹೇಬ್ರ ಭೂಕಂಪ

ಬೆಳಿಗ್ಗೆ ಎಂಟಕ್ಕೆ ನೆಲ ಎರಡೇ ಸೆಕೆಂಡು ನಡುಗ್ತು. ಎಂಟೂವರೆಗೆ ಗೆರೆಯಣ್ಣನ ಮನೆಗೆ ಸಾಹೇಬ್ರ ಎಂಟ್ರಿ: ಮೈಮೇಲೆ ಪೈಜಾಮ, ಕೈಲಿ ಎರಡು ಸೂಟ್‌ಕೇಸು. ಹಿನ್ನೆಲೆ ಸಂಗೀತ ಒಂದು ಕಮ್ಮಿ.

ಭೂಕಂಪ ಕೇಂದ್ರದ ಮುಖ್ಯಸ್ಥರೇ ಅವರು. ಶಾಲೆ ಶಾಲೆಗೆ ಹೋಗಿ "ಹೆದರಬೇಡಿ ಮಕ್ಕಳೇ" ಅಂತ ಭಾಷಣ ಬಿಗಿಯೋ ಧೀರರು ತಮ್ಮ ನಾಲ್ಕನೇ ಮಹಡಿ ಮನೆಯಿಂದ ಬರಿಗಾಲಲ್ಲಿ ಓಡಿ ಬಂದಿದ್ರು.

"ನಿಂದು ಮಹಡಿ ಇಲ್ಲದ ಮನೆ ಅಲ್ವೇನಯ್ಯಾ," ಅಂತ ಮನೇಲಿದ್ದ ಒಂದೇ ಮಂಚದ ಮೇಲೆ ಉರುಳ್ಕೊಂಡ್ರು.

ಸಂಜೆಯೊಳಗೆ ಮಂಚ ಖಾಲಿಯಾಗ್ದಿದ್ರೆ ತಾನು ತವರಿಗೆ ಅಂತ ಹೆಂಡತಿ ಅಡುಗೆಮನೇಲಿ ಹೇಳಿದಳು. ಕೂಗಾಡಿದ್ರೆ ಗೆರೆಯಣ್ಣ ಹೆದರ್ತಿರಲಿಲ್ಲ. ತಣ್ಣಗೆ ಹೇಳಿದ್ದಕ್ಕೇ ಬೆವರಿದ.

ಕಂಪನದ ಗೆರೆ ಓದೋದೇ ಅವನ ಕೆಲಸ, ಅಡ್ಡಹೆಸರೂ ಅದರಿಂದಲೇ. ಭೂಕಂಪ ಅಲ್ಲ ಅಂತಾದ್ರೆ ಸಾಹೇಬ್ರು ಮನೆಗೆ ಹೋಗ್ತಾರೆ ಅಂತ ಕೇಂದ್ರಕ್ಕೆ ಓಡಿ ಗೆರೆ ಹರಡಿದ. ಭೂಕಂಪ ಅಂದ್ರೆ ಒಳಗೆ ಬಂಡೆ ಜಾರೋದು. ಒಂದು ಕಡೆ ತಳ್ಳುತ್ತೆ, ಇನ್ನೊಂದು ಕಡೆ ಎಳೆಯುತ್ತೆ. ಹಾಗಾಗಿ ಮೊದಲ ಗೆರೆ ಕೆಲವು ಯಂತ್ರದಲ್ಲಿ ಮೇಲೆ, ಕೆಲವದರಲ್ಲಿ ಕೆಳಗೆ. ಮದ್ದು ಸಿಡಿಸಿದ್ರೆ ಸುತ್ತಲೂ ತಳ್ಳಾಟವೇ, ಎಲ್ಲಾ ಗೆರೆ ಮೇಲಕ್ಕೇ. ಇಲ್ಲಿ ಐದು ಯಂತ್ರದಲ್ಲೂ ಮೇಲೆ. ಆರನೇದು ಮಾತ್ರ ಕೆಳಗೆ.

ಫೋನಲ್ಲಿ ಹೇಳಿದ್ದಕ್ಕೆ, ಒಂದು ಕೆಳಗಿದ್ರೂ ಭೂಕಂಪಾನೇ ಅಂದ ಸಾಹೇಬ್ರು ಇನ್ನೊಂದು ದಿಂಬು ಎಲ್ಲಿದೆ ಅಂತ ಕೇಳಿದ್ರು. ಗುಮಾಸ್ತ ಆ ಗೆರೆ ಅಳಿಸಿಬಿಡು ಅಂದ. ಡ್ರೈವರ್ ಮಂಚಕ್ಕೆ ಬಿಡೋಕೆ ಒಂದು ಡಬ್ಬಿ ತಿಗಣೆ ತಂದ್ಕೊಡ್ಲಾ ಅಂತ ಪಿಸುಗುಟ್ಟಿದ.

ಗೆರೆಯಣ್ಣ ಆರನೇ ಯಂತ್ರದ ಗೂಡಿಗೆ ಹೊರಟ. ದಾರೀಲಿ ಸ್ಕೂಟರ್ ಪಂಕ್ಚರು. ತಳ್ಕೊಂಡು ಹೋಗಿ ಮುಚ್ಚಳ ತೆಗೆದ್ರೆ ಎರಡು ತಂತಿ ಅದಲು ಬದಲು. ಹೋದ ತಿಂಗಳು ರಿಪೇರಿ ಮಾಡಿದ ಮಹಾನುಭಾವ ಯಾರು ಅಂದ್ರೆ, ಇವನೇ. ಅಂದ್ರೆ ಆ ಗೆರೆ ತಲೆಕೆಳಗು, ನಿಜವಾಗಿ ಅದೂ ಮೇಲೆ. ಊರಲ್ಲಿ ಗುಡ್ಡ ಕೊರೆಯೋ ಕಂಟ್ರಾಕ್ಟರ್ ಒಬ್ಬನಿದ್ದ, ಅವನಿಗೂ ಫೋನ್ ಮಾಡಿದ. ಎಂಟಕ್ಕೆ ಬಂಡೆ ಸಿಡಿಸಿದ್ದು ತಾವೇ ಅಂತ ಆತ ಒಪ್ಕೊಂಡ. ಗೆರೆಯಣ್ಣನಿಗೆ ಅಲ್ಲೇ ಕುಣಿಯೋ ಹಾಗಾಯ್ತು.

ಸಂಜೆ ವರದಿಯನ್ನ ಎರಡು ಸಲ ಓದಿದ ಸಾಹೇಬ್ರು, "ಅಬ್ಬಾ, ಬದುಕಿಸಿದೆ ಕಣಯ್ಯಾ," ಅಂತ ತಬ್ಕೊಂಡ್ರು. ಹೆಂಡತಿ ಬೆಳಿಗ್ಗೆಯಿಂದ ಮೊದಲ ಸಲ ನಕ್ಕು ಟೀಗೆ ನೀರಿಟ್ಟಳು. ಗೆರೆಯಣ್ಣ ಹೂವಿನ ಬುಟ್ಟಿ ಎತ್ತಿದ ಹಾಗೆ ಸೂಟ್‌ಕೇಸ್ ಎತ್ತಿ ಬಾಗಿಲಲ್ಲಿಟ್ಟ.

"ಅಲ್ಯಾಕಯ್ಯಾ ಇಟ್ಟೆ?"

"ಭೂಕಂಪ ಅಲ್ವಲ್ಲ ಸಾರ್. ಇನ್ನು ನಿಮ್ಮನೆಗೆ..."

"ಭೂಕಂಪ ಆಗಿದ್ರೆ ನಿನ್ನ ಮನೇನೂ ಬಿಡಲ್ಲ ಅಂತ, ರಾತ್ರಿ ಬಸ್ಸಿಗೆ ತಮ್ಮನ ಊರಿಗೆ ಟಿಕೆಟ್ ಮಾಡ್ಸಿದ್ದೆ. ಈಗ ಇಲ್ಲಿ ಏನು ಭಯ? ಸಿಡಿಸ್ತಿರೋದು ನಮ್ಮನೆ ಹಿಂದಿನ ಗುಡ್ಡ. ಇನ್ನು ಆರು ತಿಂಗಳು ದಿನಾ ಸಿಡಿಸ್ತಾರಂತೆ, ನಿನ್ನ ವರದೀಲೇ ಇದೆ. ಇಲ್ಲಿ ಒಂದು ಲೋಟಾನೂ ಅಲ್ಲಾಡಲ್ಲ." ಸಾಹೇಬ್ರು ಆರಾಮಾಗಿ ಮಂಚದ ಮೇಲೆ ಕಾಲು ಚಾಚಿದ್ರು. "ಹೋಗು, ಟಿಕೆಟ್ ಕ್ಯಾನ್ಸಲ್ ಮಾಡ್ಸು."

ಹೆಂಡತಿ ಒಲೆ ಆರಿಸಿ, ಬ್ಯಾಗ್ ಹಿಡ್ಕೊಂಡು ಬಂದಳು.

"ಕ್ಯಾನ್ಸಲ್ ಯಾಕೆ ಸಾರ್," ಅಂದಳು, ಅದೇ ತಣ್ಣನೆ ದನೀಲಿ. "ನಂಗೆ ಕೊಡಿ. ನಮ್ಮ ತವರೂ ಅದೇ ದಾರೀಲೇ."